ಓದಲಾಗದ ಫ್ಲಾಪಿ ಖಾಲಿ ಫ್ಲಾಪಿಯಲ್ಲ

ಮೈಸೂರು: ನಗರದ ಯಾದವಗಿರಿಗೂ ಓದು-ಬರಹಕ್ಕೂ ಹಳೆಯ ನಂಟು. ಆಕಾಶವಾಣಿ ನಿಲಯ ಇರುವುದು ಇಲ್ಲಿಯೇ. ಶ್ರೀ ರಾಮಕೃಷ್ಣ ಆಶ್ರಮ ಇರುವುದೂ ಇಲ್ಲಿಯೇ. ಆರ್.ಕೆ. ನಾರಾಯಣ್ ಕಟ್ಟಿಸಿ ಬಾಳಿದ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿ ಇಲ್ಲಿಯೇ ನಿಂತಿದೆ. ಪ್ರಾಧ್ಯಾಪಕರು, ಲೇಖಕರು, ಸಂಶೋಧಕರು ನೆಲೆಸಿದ ಇಂತಹ ಬಡಾವಣೆಗಳ ಮನೆಗಳಲ್ಲಿ ಹಿರಿಯರ ಕಪಾಟು ತೆರವುಗೊಳಿಸುವಾಗ, ಹಸ್ತಪ್ರತಿಗಳ ಕಟ್ಟಿನ ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿಯೂ ಕೈಗೆ ಸಿಗುವುದುಂಟು. ಅದರೊಳಗೆ ಹತ್ತಿಪ್ಪತ್ತು ಫ್ಲಾಪಿಗಳು. ಮೇಲಿನ ಚೀಟಿಯಲ್ಲಿ 'ಪ್ರಬಂಧ, ಅಧ್ಯಾಯ 3' ಅಥವಾ 'ಭಾಷಣಗಳು, 1994' ಎಂಬ ಕೈಬರಹ.

ಹಸ್ತಪ್ರತಿಯನ್ನು ಬಿಡಿಸಿ ಓದಬಹುದು. ಫ್ಲಾಪಿಯ ವಿಷಯ ಹಾಗಲ್ಲ. ಎಲ್ಲಿಂದಲೋ ಒಂದು ಡ್ರೈವ್ ಹೊಂದಿಸಿ ಫ್ಲಾಪಿಯನ್ನು ತೂರಿಸಿದರೆ ಕಂಪ್ಯೂಟರ್ ನೀಡುವ ಉತ್ತರ ಬಹುಪಾಲು ಒಂದೇ: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೆ?

ಅನೇಕರು ಇಲ್ಲಿ ಎಡವುತ್ತಾರೆ. ಫ್ಲಾಪಿ ಖಾಲಿಯಾಗಿದೆ ಎಂದು ತಿಳಿದು ಕಸದ ಬುಟ್ಟಿಗೆ ಹಾಕುವವರು ಕೆಲವರು. 'ಹೌದು' ಎಂಬ ಗುಂಡಿಯನ್ನು ಒತ್ತಿಬಿಡುವವರು ಇನ್ನು ಕೆಲವರು. ವಾಸ್ತವದಲ್ಲಿ ಆ ಸಂದೇಶದ ಅರ್ಥ 'ಇಲ್ಲಿ ಏನೂ ಇಲ್ಲ' ಎಂದಲ್ಲ. 'ಇಲ್ಲಿರುವುದು ನನಗೆ ಅರ್ಥವಾಗುತ್ತಿಲ್ಲ' ಎಂದಷ್ಟೇ. ಇವೆರಡರ ನಡುವಿನ ಅಂತರವನ್ನು ಅರಿಯಬೇಕಾದರೆ ಫ್ಲಾಪಿಗಳ ಲೋಕದಲ್ಲಿ ಎಷ್ಟು ಬಗೆಯ 'ಭಾಷೆ'ಗಳಿದ್ದವು ಎಂಬುದನ್ನು ನೋಡಬೇಕು.

ಫಾರ್ಮ್ಯಾಟ್ ಎಂದರೇನು?

ಫ್ಲಾಪಿಯ ಒಳಗಿರುವುದು ಕಾಂತೀಯ ಲೇಪನವುಳ್ಳ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ. ಕಾರ್ಖಾನೆಯಿಂದ ಬರುವಾಗ ಅದು ಗೆರೆ ಹಾಕದ ಬಿಳಿಯ ಹಾಳೆಯಂತೆ. ಬರೆಯುವ ಮೊದಲು ಅದರ ಮೇಲೆ ಗೆರೆ ಹಾಕಬೇಕು. ಏಕಕೇಂದ್ರದ ವರ್ತುಲಗಳಾದ ಟ್ರ್ಯಾಕ್‌ಗಳು, ಪ್ರತಿ ಟ್ರ್ಯಾಕ್‌ನ ತುಂಡುಗಳಾದ ಸೆಕ್ಟರ್‌ಗಳು, ಪ್ರತಿ ಸೆಕ್ಟರ್‌ಗೆ ಒಂದು ವಿಳಾಸ - ಹೀಗೆ ಗೆರೆ ಹಾಕುವ ಕ್ರಿಯೆಯೇ ಫಾರ್ಮ್ಯಾಟ್.

ಎಷ್ಟು ಟ್ರ್ಯಾಕ್, ಟ್ರ್ಯಾಕಿಗೆ ಎಷ್ಟು ಸೆಕ್ಟರ್, ಸೆಕ್ಟರಿಗೆ ಎಷ್ಟು ಬೈಟ್, ಬಿಲ್ಲೆ ಎಷ್ಟು ವೇಗದಲ್ಲಿ ತಿರುಗಬೇಕು, ಸೊನ್ನೆ ಮತ್ತು ಒಂದನ್ನು ಕಾಂತೀಯ ಬದಲಾವಣೆಯಾಗಿ ಹೇಗೆ ಗುರುತಿಸಬೇಕು ಎಂಬುದನ್ನೆಲ್ಲ ತಯಾರಕರು ತಮತಮಗೆ ತೋಚಿದಂತೆ ನಿರ್ಧರಿಸಿದರು. ಅಂಗಡಿಯಲ್ಲಿ ಕೊಳ್ಳುವ ಫ್ಲಾಪಿ ಒಂದೇ ಆದರೂ, ಒಂದು ಯಂತ್ರ ಬರೆದದ್ದು ಇನ್ನೊಂದಕ್ಕೆ ಅಗಮ್ಯವಾದದ್ದು ಇದೇ ಕಾರಣಕ್ಕೆ.

ಆಕಾಶವಾಣಿಯ ಸ್ಪೂಲ್ ಟೇಪುಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಸೆಕೆಂಡಿಗೆ ಏಳೂವರೆ ಇಂಚು ವೇಗದಲ್ಲಿ ಧ್ವನಿಮುದ್ರಿಸಿದ ಟೇಪನ್ನು ಅದರ ಅರ್ಧ ವೇಗದಲ್ಲಿ ಓಡಿಸಿದರೆ ಗಾಯನ ಗೊಗ್ಗರು ನರಳಾಟವಾಗುತ್ತದೆ. ಟೇಪು ಕೆಟ್ಟಿದೆ ಎಂದು ಯಾರೂ ಅದನ್ನು ಎಸೆಯುವುದಿಲ್ಲ, ವೇಗ ಸರಿಪಡಿಸುತ್ತಾರೆ. ಆದರೆ ಫ್ಲಾಪಿಯ ವಿಷಯದಲ್ಲಿ ಕಂಪ್ಯೂಟರ್ ನರಳಾಟವನ್ನೂ ಕೇಳಿಸುವುದಿಲ್ಲ. ಹೊಂದದಿದ್ದರೆ ಪೂರ್ಣ ಮೌನ.

ಎಂಟು ಇಂಚಿನಿಂದ ಮೂರೂವರೆ ಇಂಚಿಗೆ

ಫ್ಲಾಪಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಐಬಿಎಂ ಸಂಸ್ಥೆ, 1971ರಲ್ಲಿ. ಎಂಟು ಇಂಚಿನ ಆ ಬಿಲ್ಲೆಯ ಕೆಲಸ ದೊಡ್ಡ ಗಣಕಯಂತ್ರಗಳಿಗೆ ಆರಂಭಿಕ ಸೂಚನೆಗಳನ್ನು ತುಂಬುವುದಷ್ಟೇ ಆಗಿತ್ತು. 1973ರಲ್ಲಿ ಅದೇ ಸಂಸ್ಥೆಯ 3740 ವ್ಯವಸ್ಥೆ 77 ಟ್ರ್ಯಾಕ್, 26 ಸೆಕ್ಟರ್, 128 ಬೈಟ್ ಎಂಬ ಲೆಕ್ಕವನ್ನು ಜಾರಿಗೆ ತಂದಿತು. ಇತರರೂ ಅದನ್ನು ಅನುಸರಿಸಿದ್ದರಿಂದ ಎಂಟು ಇಂಚಿನ ಲೋಕದಲ್ಲಿ ಒಂದು ಮಟ್ಟಿಗೆ ಏಕರೂಪತೆ ಇತ್ತು.

1976ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಐದೂಕಾಲು ಇಂಚಿನ ಡ್ರೈವನ್ನು ತಂದಾಗ ಆ ಏಕರೂಪತೆ ಮುರಿಯಿತು. ಬೆಲೆ ಇಳಿದು ಹತ್ತಾರು ಸಂಸ್ಥೆಗಳು ಸಣ್ಣ ಕಂಪ್ಯೂಟರ್ ತಯಾರಿಕೆಗೆ ಇಳಿದವು. ಪ್ರತಿಯೊಂದರದೂ ಬೇರೆ ಲೆಕ್ಕ. ಆಪಲ್ 1978ರಲ್ಲಿ ಟ್ರ್ಯಾಕಿಗೆ 13 ಸೆಕ್ಟರ್ ಬರೆದು, 1980ರ ಹೊತ್ತಿಗೆ ಅದನ್ನು 16ಕ್ಕೆ ಏರಿಸಿತು. ಅಂದರೆ ತನ್ನದೇ ಹಳೆಯ ಡಿಸ್ಕುಗಳಿಗೂ ಹೊಸದಕ್ಕೂ ಹೊಂದಿಕೆ ತಪ್ಪಿತು. ಸೆಕ್ಟರ್ ಎಲ್ಲಿ ಆರಂಭವಾಗುತ್ತದೆ ಎಂದು ತೋರಿಸಲು ಬಿಲ್ಲೆಯಲ್ಲಿಯೇ ಹತ್ತೋ ಹದಿನಾರೋ ರಂಧ್ರ ಕೊರೆದವರು ಕೆಲವರು. ಒಂದೇ ರಂಧ್ರವಿಟ್ಟು ಉಳಿದ ಗುರುತನ್ನು ತಂತ್ರಾಂಶಕ್ಕೆ ಬಿಟ್ಟವರು ಇನ್ನು ಕೆಲವರು. ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಹಳಷ್ಟು ಯಂತ್ರಗಳಲ್ಲಿ ಒಂದೇ ಆಗಿದ್ದರೂ, ಐದೂಕಾಲು ಇಂಚಿನ ಫ್ಲಾಪಿಯನ್ನು ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವಂತಿರಲಿಲ್ಲ.

ಭಾರತದ ಶಾಲೆಗಳೂ ಈ ಗೊಂದಲದಿಂದ ಹೊರತಾಗಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಗೆ ಆಯ್ದುಕೊಂಡದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರವನ್ನು. ಅದರ ಮೂಲ ಡಿಸ್ಕ್ ವ್ಯವಸ್ಥೆ ಬರೆಯುತ್ತಿದ್ದುದು ಟ್ರ್ಯಾಕಿಗೆ 10 ಸೆಕ್ಟರ್, ಸೆಕ್ಟರಿಗೆ 256 ಬೈಟ್. ಅದೂ ಎಫ್‌ಎಂ ಎಂಬ ಹಳೆಯ ವಿಧಾನದಲ್ಲಿ. ಅದೇ ಹೊತ್ತಿನಲ್ಲಿ ಕಚೇರಿಗಳಿಗೆ ಬಂದ ಐಬಿಎಂ ಮಾದರಿಯ ಪಿಸಿಗಳು ಬರೆಯುತ್ತಿದ್ದುದು ಎಂಎಫ್‌ಎಂ ವಿಧಾನದಲ್ಲಿ, ಟ್ರ್ಯಾಕಿಗೆ 9 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಹೀಗಾಗಿ ಶಾಲೆಯ ಡಿಸ್ಕನ್ನು ಕಚೇರಿಯ ಪಿಸಿಗೆ ತೂರಿಸಬಹುದಿತ್ತೇ ವಿನಾ ಓದಿಸುವುದು ಸಾಧ್ಯವಿರಲಿಲ್ಲ.

ಒಂದೇ ಗಾತ್ರ, ಹಲವು ಲೆಕ್ಕ

ಪಿಸಿಗಳ ನಡುವೆಯೂ ಎಲ್ಲವೂ ಸುಗಮವಾಗಿರಲಿಲ್ಲ. 1983ರ ನಂತರದ ಸಾಮಾನ್ಯ ಪಿಸಿ ಫ್ಲಾಪಿಯಲ್ಲಿ 40 ಟ್ರ್ಯಾಕುಗಳಿದ್ದು ಎರಡೂ ಬದಿ ಸೇರಿ 360 ಕೆಬಿ ಹಿಡಿಯುತ್ತಿತ್ತು. 1984ರ ಪಿಸಿ-ಎಟಿ ಜೊತೆ ಬಂದ ಡ್ರೈವ್ ಅದೇ ಗಾತ್ರದ ಬಿಲ್ಲೆಯಲ್ಲಿ 80 ಟ್ರ್ಯಾಕ್ ಬರೆದು 1.2 ಎಂಬಿ ತುಂಬುತ್ತಿತ್ತು. ಟ್ರ್ಯಾಕುಗಳ ಸಂಖ್ಯೆ ಎರಡು ಪಟ್ಟಾದಾಗ ಅವುಗಳ ಅಗಲ ಅರ್ಧಕ್ಕಿಳಿಯುವುದು ಸಹಜ.

ಇದರಿಂದ ವಿಚಿತ್ರ ಸಮಸ್ಯೆಯೊಂದು ಹುಟ್ಟಿತು. ಹಳೆಯ ಡ್ರೈವ್ ಬರೆದ 360 ಕೆಬಿ ಫ್ಲಾಪಿಯನ್ನು ಹೊಸ ಡ್ರೈವ್ ಓದಬಲ್ಲದು. ಆದರೆ ಹೊಸ ಡ್ರೈವ್ ಅದರ ಮೇಲೆ ತಿದ್ದಿ ಬರೆದರೆ, ಅಗಲವಾದ ಹಳೆಯ ಗೆರೆಯ ನಡುವೆ ಕಿರಿದಾದ ಹೊಸ ಗೆರೆ ಮೂಡುತ್ತದೆ. ಅಕ್ಕಪಕ್ಕದಲ್ಲಿ ಹಳೆಯ ಬರಹದ ಅಂಚು ಉಳಿಯುತ್ತದೆ. ಬರೆದ ಯಂತ್ರದಲ್ಲಿ ಅದು ಸರಿಯಾಗಿಯೇ ತೆರೆಯುತ್ತದೆ. ಹಳೆಯ ಯಂತ್ರಕ್ಕೆ ಹಾಕಿದರೆ ಅಗಲ ಹೆಡ್ ಹೊಸತು ಹಳತು ಎರಡನ್ನೂ ಒಟ್ಟಿಗೆ ಓದಿ ಗೊಂದಲಕ್ಕೀಡಾಗುತ್ತದೆ. 'ನಮ್ಮ ಕಚೇರಿಯಲ್ಲಿ ತೆರೆಯಿತು, ಮುದ್ರಣಾಲಯದಲ್ಲಿ ತೆರೆಯಲಿಲ್ಲ' ಎಂಬ ಅಂದಿನ ದೂರಿನ ಹಿಂದೆ ಇಂತಹ ಭೌತಿಕ ಕಾರಣವೂ ಇರುತ್ತಿತ್ತು.

ಮೂರೂವರೆ ಇಂಚಿನ ಗಟ್ಟಿ ಕವಚದ ಫ್ಲಾಪಿಯಲ್ಲಿಯೂ ಭಿನ್ನತೆ ತಪ್ಪಲಿಲ್ಲ. ಪಿಸಿಗಳು ಅದರಲ್ಲಿ ಮೊದಲು 720 ಕೆಬಿ, 1987ರಿಂದ 1.44 ಎಂಬಿ ಬರೆದವು. ಈ '1.44' ಎಂಬುದೂ ಶುದ್ಧ ಲೆಕ್ಕವಲ್ಲ. 80 ಟ್ರ್ಯಾಕ್, ಎರಡು ಬದಿ, 18 ಸೆಕ್ಟರ್, 512 ಬೈಟ್ ಗುಣಿಸಿದರೆ 14,74,560 ಬೈಟ್ ಬರುತ್ತದೆ. 1024 ಮತ್ತು 1000 ಎರಡರಿಂದಲೂ ಒಮ್ಮೊಮ್ಮೆ ಭಾಗಿಸಿದಾಗ ಮಾತ್ರ 1.44 ದೊರೆಯುವುದು.

1984ರ ಮ್ಯಾಕಿಂಟಾಷ್ ಅದೇ ಗಾತ್ರದ ಬಿಲ್ಲೆಯಲ್ಲಿ ಬೇರೆಯೇ ಹಾದಿ ಹಿಡಿಯಿತು. ಹೊರವರ್ತುಲ ಉದ್ದ, ಒಳವರ್ತುಲ ಗಿಡ್ಡ. ಆದ್ದರಿಂದ ಹೊರಗಿನ 16 ಟ್ರ್ಯಾಕುಗಳಿಗೆ ತಲಾ 12 ಸೆಕ್ಟರ್, ಒಳಗೆ ಸರಿದಂತೆ 11, 10, 9, 8 ಎಂದು ಇಳಿಸಿ, ಅದಕ್ಕೆ ತಕ್ಕಂತೆ ಬಿಲ್ಲೆ ತಿರುಗುವ ವೇಗವನ್ನೂ ಬದಲಿಸುತ್ತಿತ್ತು. ಒಂದು ಬದಿಯಲ್ಲಿ 400 ಕೆಬಿ, 1986ರ ನಂತರ ಎರಡೂ ಬದಿಯಲ್ಲಿ 800 ಕೆಬಿ. ಒಂದೇ ವೇಗದಲ್ಲಿ ತಿರುಗುವ, ಬೇರೆ ಸಂಕೇತ ವಿಧಾನವನ್ನು ಅರಿಯದ ಪಿಸಿ ಡ್ರೈವ್‌ಗೆ ಇದು ಕಗ್ಗಂಟು. ಮ್ಯಾಕ್ ಯಂತ್ರಗಳು ಪಿಸಿ ಫ್ಲಾಪಿಯನ್ನು ಓದುವ ಡ್ರೈವ್ ಪಡೆದದ್ದು 1988ರಲ್ಲಿ. ಪುಟವಿನ್ಯಾಸಕ್ಕೆ ಮ್ಯಾಕ್ ಬಳಸುತ್ತಿದ್ದ ಮುದ್ರಣಾಲಯದಿಂದ ಬಂದ ಹಳೆಯ ಫ್ಲಾಪಿ ಪಿಸಿಯಲ್ಲಿ 'ಖಾಲಿ' ಎಂದು ತೋರಿದರೆ ಅಚ್ಚರಿಪಡಬೇಕಿಲ್ಲ.

ಉದ್ದೇಶಪೂರ್ವಕವಾಗಿಯೇ ನಿಯಮ ಮೀರಿದವರೂ ಉಂಟು. ಮೈಕ್ರೋಸಾಫ್ಟ್ 1990ರ ದಶಕದಲ್ಲಿ ವಿಂಡೋಸ್ 95ನ್ನು ಫ್ಲಾಪಿಗಳಲ್ಲಿ ಹಂಚುವಾಗ ಟ್ರ್ಯಾಕಿಗೆ 18ರ ಬದಲು 21 ಸೆಕ್ಟರ್ ತುಂಬುವ ಡಿಎಂಎಫ್ ವಿಧಾನ ಬಳಸಿತು. ಬಿಲ್ಲೆಗಳ ಸಂಖ್ಯೆ ಕಡಿಮೆಯಾಯಿತು. ಸಾಮಾನ್ಯ ಆದೇಶಗಳಿಂದ ನಕಲು ಮಾಡುವುದೂ ಕಷ್ಟವಾಯಿತು. ಇತ್ತ ಬಳಕೆದಾರರು ಅಗ್ಗದ 720 ಕೆಬಿ ಫ್ಲಾಪಿಯ ಮೂಲೆಯಲ್ಲಿ ರಂಧ್ರ ಕೊರೆದು ಅದನ್ನು 1.44 ಎಂಬಿ ಎಂದು ಡ್ರೈವನ್ನು ನಂಬಿಸುತ್ತಿದ್ದರು. ಲೇಪನದ ಗುಣ ಬೇರೆಯಾದ್ದರಿಂದ ಹಾಗೆ ಉಳಿಸಿದ ಬರಹದ ಆಯುಷ್ಯಕ್ಕೆ ಖಾತರಿಯಿರಲಿಲ್ಲ. ಇಂದು ಅಂತಹ ಫ್ಲಾಪಿಯ ಎರಡನೆಯ ರಂಧ್ರವನ್ನು ಮುಚ್ಚಿ ನೋಡಬೇಕೋ ತೆರೆದು ನೋಡಬೇಕೋ ಎಂಬುದೇ ಮೊದಲ ಪ್ರಶ್ನೆ.

ಕನ್ನಡಕ್ಕೆ ಎರಡನೆಯ ಬೀಗ

ಫ್ಲಾಪಿಯನ್ನು ಓದಿ ಕಡತವನ್ನು ಹೊರತೆಗೆದರೆ ಇಂಗ್ಲಿಷ್ ಬರಹದ ಮಟ್ಟಿಗೆ ಕೆಲಸ ಬಹುತೇಕ ಮುಗಿಯುತ್ತದೆ. ಕನ್ನಡಕ್ಕೆ ಹಾಗಲ್ಲ. ಅಲ್ಲಿ ಇನ್ನೊಂದು ಬೀಗ ಕಾದಿರುತ್ತದೆ: ಅಕ್ಷರಸಂಕೇತ.

ಇಂಗ್ಲಿಷಿನಲ್ಲಿ 'ಎ' ಎಂಬ ಅಕ್ಷರಕ್ಕೆ 65 ಎಂಬ ಸಂಖ್ಯೆ ಬಹುತೇಕ ಎಲ್ಲ ಸಣ್ಣ ಕಂಪ್ಯೂಟರುಗಳಲ್ಲೂ ಒಂದೇ. ಕನ್ನಡದ 'ಅ'ಕಾರಕ್ಕೆ ಅಂತಹ ಒಮ್ಮತ ಬಹುಕಾಲ ಇರಲಿಲ್ಲ. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿದ ಜಿಸ್ಟ್ ತಂತ್ರಜ್ಞಾನ ಇಸ್ಕೀ ಎಂಬ ಸಂಕೇತ ಬಳಸಿತು; 1991ರಲ್ಲಿ ಅದು ರಾಷ್ಟ್ರೀಯ ಮಾನಕವಾಯಿತು. ಇನ್ನೊಂದೆಡೆ ಕೆ.ಪಿ. ರಾವ್ ಅವರು 'ಸೇಡಿಯಾಪು' ತಂತ್ರಾಂಶ ರೂಪಿಸಿದರು. ಅವರ ಧ್ವನ್ಯನುಸಾರಿ ಕೀಲಿಮಣೆ ವಿನ್ಯಾಸವೇ ಮುಂದೆ ರಾಜ್ಯದ ಪ್ರಮಾಣಿತ ಕೀಲಿಮಣೆಗೆ ಆಧಾರವಾಯಿತು. ಡಿಟಿಪಿ ಕೇಂದ್ರಗಳಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ವಾಣಿಜ್ಯ ತಂತ್ರಾಂಶಗಳು ಬೇರೂರಿದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು.

ಈ ವಾಣಿಜ್ಯ ತಂತ್ರಾಂಶಗಳು ಕನ್ನಡವನ್ನು ಅಕ್ಷರವಾಗಿ ಉಳಿಸುತ್ತಿರಲಿಲ್ಲ. ಅಕ್ಷರದ ಚೂರುಗಳಾಗಿ ಉಳಿಸುತ್ತಿದ್ದವು. ತಲೆಕಟ್ಟು ಒಂದು ಚೂರು, ಒತ್ತು ಒಂದು ಚೂರು, ದೀರ್ಘ ಇನ್ನೊಂದು. ಯಾವ ಚೂರಿಗೆ ಯಾವ ಸಂಖ್ಯೆ ಎಂಬುದು ಆಯಾ ಸಂಸ್ಥೆಯ ಗುಟ್ಟು. ಒಂದು ಸಂಸ್ಥೆಯ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಯುರೋಪಿನ ವಿಚಿತ್ರ ಚಿಹ್ನೆಗಳ ಸಾಲು. 1990ರ ದಶಕದಲ್ಲಿ ಬೇರೆ ಊರಿಗೆ ಫ್ಲಾಪಿ ಕಳುಹಿಸುವವರು ಅದರಲ್ಲಿಯೇ ಫಾಂಟನ್ನೂ ತುಂಬಿ ಕಳುಹಿಸುವ ರೂಢಿ ಬೆಳೆದದ್ದು ಇದೇ ಕಾರಣಕ್ಕೆ.

'ಸೂರ್ಯ' ಎಂಬ ಪದವನ್ನು ತೆಗೆದುಕೊಳ್ಳಬಹುದು. ಉಚ್ಚಾರಣೆಯಲ್ಲಿ ರಕಾರ ಮೊದಲು, ಯಕಾರ ನಂತರ. ಇಸ್ಕೀ ಮತ್ತು ಯೂನಿಕೋಡ್ ಎರಡೂ ಇದೇ ಕ್ರಮವನ್ನು ಪಾಲಿಸುತ್ತವೆ. ಆದರೆ ಚೂರುಗಳ ವಿಧಾನದಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಮುಖ್ಯ: ಮೊದಲು 'ಯ', ಆಮೇಲೆ ಅದರ ಬಲಕ್ಕೆ ಅರ್ಕಾವೊತ್ತು. ಆದ್ದರಿಂದ ಪರಿವರ್ತನೆ ಎಂದರೆ ಒಂದು ಸಂಖ್ಯೆಯ ಜಾಗದಲ್ಲಿ ಇನ್ನೊಂದನ್ನು ಇಡುವುದಷ್ಟೇ ಅಲ್ಲ. ಚೂರುಗಳನ್ನು ಜೋಡಿಸಿ, ಹಿಂದುಮುಂದಾದುದನ್ನು ಸರಿಪಡಿಸಿ, ಅಕ್ಷರವನ್ನು ಪುನಃ ಕಟ್ಟುವುದು.

ಮೈಸೂರಿನ ಒಂದು ಪಾಠ

ಸಂಕೇತ ಬಹಿರಂಗವಾಗಿದ್ದರೆ ಬರಹ ಹೇಗೆ ಉಳಿಯುತ್ತದೆ ಎಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. ಮಾನಸಗಂಗೋತ್ರಿಯಲ್ಲಿರುವ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ 1990ರ ದಶಕದಲ್ಲಿ ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆಯ ನೆರವಿನಿಂದ ಕನ್ನಡ, ತಮಿಳು, ತೆಲುಗು, ಮಲಯಾಳಂ ಭಾಷೆಗಳ ಪಠ್ಯಸಂಚಯ ಸಿದ್ಧವಾಯಿತು. ಪ್ರತಿ ಭಾಷೆಗೆ ಸುಮಾರು 30 ಲಕ್ಷ ಪದಗಳ ಗುರಿ. ಅದನ್ನು ದಾಖಲಿಸಿದ್ದು ಇಸ್ಕೀ ಸಂಕೇತದಲ್ಲಿ. 2000ದ ದಶಕದ ಆರಂಭದಲ್ಲಿ ಬ್ರಿಟನ್ನಿನ ಲಂಕಾಸ್ಟರ್ ವಿಶ್ವವಿದ್ಯಾನಿಲಯದ ಎಮಿಲಿ ಯೋಜನೆಯ ಸಹಯೋಗದಲ್ಲಿ ಆ ಪಠ್ಯಗಳು ಯೂನಿಕೋಡ್‌ಗೆ ಪರಿವರ್ತನೆಗೊಂಡು ಸಂಶೋಧಕರಿಗೆ ದೊರೆತವು. ಮೂಲ ಸಂಕೇತದ ಪಟ್ಟಿ ಪ್ರಕಟಿತವಾಗಿದ್ದುದೇ ಇದಕ್ಕೆ ದಾರಿ ಮಾಡಿಕೊಟ್ಟಿತು.

ಅದೇ ನಗರದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇನ್ನೂ ಹಳೆಯ ನಿದರ್ಶನ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ್ದು ಲೋಕಪ್ರಸಿದ್ಧ. ಆ ಗರಿಗಳ ಮೇಲಿದ್ದದ್ದು ಗ್ರಂಥ ಲಿಪಿ. ಲಿಪಿ ಬಲ್ಲವರು ಇದ್ದುದರಿಂದಲೇ ಗರಿಯ ಮೇಲಿನ ಗೀರು ಗ್ರಂಥವಾಯಿತು. ಫ್ಲಾಪಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಬಿಲ್ಲೆ ಉಳಿದರಷ್ಟೇ ಸಾಲದು, ಅದರ ಲಿಪಿ ಬಲ್ಲ ಯಂತ್ರವೂ ತಂತ್ರಾಂಶವೂ ಉಳಿಯಬೇಕು.

ಇನ್ನೂ ಓದಬಹುದೆ?

ಓದಬಹುದು, ಆದರೆ ಕಾಲ ಮೀರುತ್ತಿದೆ. ಸೋನಿ ಸಂಸ್ಥೆ 2011ರಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಸರ್ಕಾರಕ್ಕೆ ದಾಖಲೆಗಳನ್ನು ಫ್ಲಾಪಿಯಲ್ಲಿ ಸಲ್ಲಿಸಬೇಕೆಂಬ ನಿಯಮಗಳನ್ನು ಜಪಾನ್ ಪೂರ್ಣವಾಗಿ ತೆಗೆದುಹಾಕಿದ್ದು 2024ರಲ್ಲಿ. ಉಳಿದಿರುವ ಡ್ರೈವ್‌ಗಳೆಲ್ಲ ಹಳೆಯವು.

ಯುಎಸ್‌ಬಿ ಮೂಲಕ ಜೋಡಿಸುವ ಫ್ಲಾಪಿ ಡ್ರೈವ್‌ಗಳು ಸಾಮಾನ್ಯವಾಗಿ ಪಿಸಿಯ 720 ಕೆಬಿ ಮತ್ತು 1.44 ಎಂಬಿ ಫ್ಲಾಪಿಗಳಿಗಷ್ಟೇ ಸೀಮಿತ. ಮ್ಯಾಕಿನ 800 ಕೆಬಿ ಫ್ಲಾಪಿಯಾಗಲಿ, ಐದೂಕಾಲು ಇಂಚಿನದಾಗಲಿ ಅವುಗಳಿಗೆ ಎಟುಕದು. ಇದಕ್ಕೆ ಪರಿಹಾರವಾಗಿ ಬಂದಿರುವುದು ಕ್ರಯೋಫ್ಲಕ್ಸ್, ಗ್ರೀಸ್‌ವೀಝಲ್ ಮೊದಲಾದ ಸಾಧನಗಳು. ಇವು ಬಿಲ್ಲೆಯಲ್ಲಿರುವ ಸೆಕ್ಟರುಗಳನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಹೆಡ್ಡಿನ ಕೆಳಗೆ ಕಾಂತೀಯ ದಿಕ್ಕು ಬದಲಾದ ಪ್ರತಿ ಕ್ಷಣವನ್ನೂ ಅಳೆದು ಇದ್ದದ್ದನ್ನು ಇದ್ದಂತೆ ದಾಖಲಿಸಿಕೊಳ್ಳುತ್ತವೆ. ಅದು ಪಿಸಿಯದೋ, ಮ್ಯಾಕಿನದೋ, ಬಿಬಿಸಿ ಮೈಕ್ರೋದ್ದೋ ಎಂಬ ತೀರ್ಮಾನವನ್ನು ಆಮೇಲೆ ತಂತ್ರಾಂಶ ಮಾಡುತ್ತದೆ. ಫ್ಲಾಪಿಯನ್ನು ಮತ್ತೆ ಮತ್ತೆ ತಿರುಗಿಸುವ ಅಗತ್ಯ ಬೀಳದಿರುವುದು ಇದರ ಇನ್ನೊಂದು ಲಾಭ.

ಕಡತ ಕೈಗೆ ಬಂದ ಮೇಲೆ ನುಡಿ, ಬರಹ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಬಳಕೆ ತಪ್ಪಿದ ಹಳೆಯ ತಂತ್ರಾಂಶಗಳ ಕಡತಗಳಿಗೆ ಮೂಲ ಫಾಂಟ್ ದೊರೆಯುವುದು ಮುಖ್ಯ. ಆದ್ದರಿಂದ ಡಬ್ಬಿಯಲ್ಲಿರುವ ತಂತ್ರಾಂಶದ ಫ್ಲಾಪಿಗಳನ್ನು 'ಇದು ಬರಹವಲ್ಲ' ಎಂದು ಎಸೆಯಬಾರದು. ಬೀಗದ ಕೈ ಅದರಲ್ಲಿಯೇ ಇರಬಹುದು.

ಡಬ್ಬಿ ಸಿಕ್ಕವರು ಏನು ಮಾಡಬೇಕು?

ಮೊದಲನೆಯದಾಗಿ, 'ಫಾರ್ಮ್ಯಾಟ್ ಮಾಡಬೇಕೆ' ಎಂಬ ಪ್ರಶ್ನೆಗೆ 'ಬೇಡ' ಎಂದೇ ಉತ್ತರಿಸಬೇಕು. ಪೂರ್ಣ ಫಾರ್ಮ್ಯಾಟ್ ನಡೆದರೆ ಹಳೆಯ ಗೆರೆಗಳ ಜೊತೆಗೆ ಬರಹವೂ ಅಳಿಯುತ್ತದೆ. ಅಲ್ಲಿಂದ ಮರಳುವ ದಾರಿಯಿಲ್ಲ. ಹೊರಗಿನ ಮೊದಲ ಟ್ರ್ಯಾಕ್ ಒಂದೇ ಕೆಟ್ಟಿದ್ದರೂ ಕಂಪ್ಯೂಟರ್ ಇದೇ ಪ್ರಶ್ನೆ ಕೇಳುತ್ತದೆ, ಒಳಗಿನ ಪುಟಗಳೆಲ್ಲ ಸುರಕ್ಷಿತವಾಗಿದ್ದರೂ ಸಹ.

ಎರಡನೆಯದಾಗಿ, ಡ್ರೈವ್‌ಗೆ ಹಾಕುವ ಮುನ್ನವೇ ಬರವಣಿಗೆಗೆ ತಡೆ ಹಾಕಬೇಕು. ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಮೂಲೆಯ ಗುಬುಟನ್ನು ಸರಿಸಿ ಕಿಂಡಿ ತೆರೆದರೆ ತಡೆ ಬೀಳುತ್ತದೆ. ಐದೂಕಾಲು ಇಂಚಿನದರಲ್ಲಿ ಅಂಚಿನ ಕಚ್ಚನ್ನು ಅಂಟುಚೀಟಿಯಿಂದ ಮುಚ್ಚಬೇಕು. ಎಂಟು ಇಂಚಿನದರಲ್ಲಿ ಇದು ತಿರುಗುಮುರುಗು. ಕಚ್ಚನ್ನು ಮುಚ್ಚಿದರೆ ಬರೆಯಲು ಅನುಮತಿ ದೊರೆಯುತ್ತದೆ.

ಮೂರನೆಯದಾಗಿ, ಬಿಲ್ಲೆಯ ಮೇಲೆ ಬೂಷ್ಟಿನ ಬಿಳಿ ಚುಕ್ಕೆಗಳು ಕಂಡರೆ ಅದನ್ನು ಡ್ರೈವ್‌ಗೆ ಹಾಕಬಾರದು. ಬೂಷ್ಟು ಹೆಡ್ಡಿಗೆ ಅಂಟಿಕೊಂಡು ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಮಳೆಗಾಲದ ತೇವ ಹೀರಿದ ಡಬ್ಬಿಗಳಲ್ಲಿ ಇದು ಅಪರೂಪವಲ್ಲ. ಇಂತಹವನ್ನು ಅನುಭವಿಗಳಿಗೆ ಬಿಡುವುದು ಲೇಸು.

ನಾಲ್ಕನೆಯದಾಗಿ, ಚೀಟಿಯ ಮೇಲಿನ ಬರಹವನ್ನು ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಯಾವ ಯಂತ್ರ, ಯಾವ ತಂತ್ರಾಂಶ, ಯಾವ ಮುದ್ರಣಾಲಯ ಎಂಬುದನ್ನು ಬಲ್ಲ ಹಿರಿಯರಿದ್ದರೆ ಕೇಳಿ ಬರೆದಿಡಬೇಕು. 'ಆಗ ನಮ್ಮ ಮನೆಯಲ್ಲಿ ಇಂತಹ ಕಂಪ್ಯೂಟರ್ ಇತ್ತು' ಎಂಬ ಒಂದು ಮಾತು ವಾರಗಳ ಹುಡುಕಾಟವನ್ನು ಉಳಿಸಬಲ್ಲದು. ಆ ಮಾತು ಹೇಳಬಲ್ಲವರೂ ವಯೋವೃದ್ಧರಾಗುತ್ತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ.

ಕೊನೆಯದಾಗಿ, ಹೊರತೆಗೆದ ಕಡತದ ಮೂಲ ಪ್ರತಿಯನ್ನೂ ಯೂನಿಕೋಡ್ ಪ್ರತಿಯನ್ನೂ ಎರಡು ಬೇರೆ ಬೇರೆ ಕಡೆ ಉಳಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ತಪ್ಪುವುದು ಸಾಮಾನ್ಯ. ಮೂಲ ಇದ್ದರೆ ತಿದ್ದಬಹುದು.

ಯಾದವಗಿರಿಯ ನಾರಾಯಣ್ ಮನೆಗೆ ಬರುವವರು ಅಲ್ಲಿನ ಪುಸ್ತಕಗಳನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದರೆ ಸಾಕು, ಯಾವ ಯಂತ್ರವೂ ಬೇಕಿಲ್ಲ. ಕಾಗದಕ್ಕಿರುವ ಈ ಸೌಲಭ್ಯ ಫ್ಲಾಪಿಗಿಲ್ಲ. 1985ರಿಂದ 2005ರವರೆಗಿನ ಎರಡು ದಶಕಗಳಲ್ಲಿ ಕನ್ನಡದ ಎಷ್ಟೋ ಲೇಖನ, ಪ್ರಬಂಧ, ಪತ್ರಗಳು ಕಾಗದದಿಂದ ಬಿಲ್ಲೆಗೆ ಇಳಿದವು. ಅಚ್ಚಾದವು ಉಳಿದಿವೆ, ಅಚ್ಚಾಗದವು ಡಬ್ಬಿಗಳಲ್ಲಿಯೇ ಇವೆ. ಅವು ಖಾಲಿಯೋ ತುಂಬಿವೆಯೋ ಎಂಬ ತೀರ್ಮಾನವನ್ನು ಕಂಪ್ಯೂಟರಿನ ಒಂದು ಸಾಲಿನ ಸಂದೇಶಕ್ಕೆ ಬಿಟ್ಟುಕೊಡದಿರುವುದೇ ಸದ್ಯಕ್ಕೆ ಮಾಡಬಹುದಾದ ಮೊದಲ ಕೆಲಸ.